ನಿಮಗಿದು ಗೊತ್ತೇ? ಕಾಲಡಿ ಒಂದು ಗೋಳಗುಮ್ಮಟ

ಎಲೆಕ್ಟ್ರಿಕ್ ಗಿಟಾರಿಗೂ ಅದರ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೊಂದು ಲೋಹದ ಡಬ್ಬಿ ಇರುತ್ತದಲ್ಲ, ಕಾಲಿನಿಂದ ಒತ್ತುವಂಥದ್ದು, ಅದೇ ಎಫೆಕ್ಟ್ಸ್ ಪೆಡಲ್. ಸ್ವರಕ್ಕೆ ಮಾರ್ದನಿ ಕೊಡುವುದು, ಅದನ್ನು ಒರಟು ಮಾಡುವುದು, ಅಲುಗಾಡಿಸುವುದು ಇದರ ಕಸುಬು. ಇದು ಬೆಂಗಳೂರಿನ ರಾಕ್ ಹುಡುಗರ ಸಾಮಾನು, ನಮಗೇಕೆ ಅನ್ನಬೇಡಿ. ಆ ಡಬ್ಬಿ ಮಾಡುವ ಅರ್ಧ ಚಮತ್ಕಾರ ವಿಜಯಪುರ ಸೀಮೆಯಲ್ಲಿ ಕರೆಂಟು ಬರುವ ಮೊದಲೇ ಇತ್ತು.

● ಮಾರ್ದನಿ ಕೊಡುವ ಪೆಡಲ್ಲಿಗೆ ಡಿಲೇ ಎನ್ನುತ್ತಾರೆ. ನಾಡಿನ ಅತಿ ದೊಡ್ಡ ‘ಡಿಲೇ ಪೆಡಲ್’ ವಿಜಯಪುರದಲ್ಲಿದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ, ನಮ್ಮ ಗೋಳಗುಮ್ಮಟ. ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ಮೇಲಿನ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಎದುರು ಗೋಡೆಗೆ ಹೋಗಿ ವಾಪಸು ಬರಲು 76 ಮೀಟರ್ ನಡೆಯಬೇಕು. ಅದಕ್ಕೆ ಹಿಡಿಯುವ ಕಾಲ ಹೆಚ್ಚುಕಡಿಮೆ 220 ಮಿಲಿಸೆಕೆಂಡ್. ಬಾಸ್ ಕಂಪನಿಯ ಡಿಡಿ-3 ಡಿಲೇ ಪೆಡಲ್ 12.5ರಿಂದ 800 ಮಿಲಿಸೆಕೆಂಡ್‌ವರೆಗೆ ಮಾರ್ದನಿ ಕೊಡುತ್ತದೆ. ಅಂದರೆ ಅದರ ತಿರುಗುಣಿಯ ಮೇಲೆ ಗೋಳಗುಮ್ಮಟಕ್ಕೂ ಒಂದು ಜಾಗ ಇದೆ. ನಿಮಿಷಕ್ಕೆ 136 ಬಡಿತದ ಹಾಡು ನುಡಿಸುತ್ತಿದ್ದರೆ ಈ ಮಾರ್ದನಿ ಸರಿಯಾಗಿ ಅರ್ಧ ಬಡಿತಕ್ಕೆ ಬಂದು ಕೂರುತ್ತದೆ.

● ಡಿಲೇ ಪೆಡಲ್ಲಿಗೆ ಸಾಮಾನ್ಯವಾಗಿ ಮೂರು ತಿರುಗುಣಿ: ಟೈಮ್, ಫೀಡ್‌ಬ್ಯಾಕ್, ಲೆವೆಲ್. ಗುಮ್ಮಟದಲ್ಲಿ ಟೈಮ್ ಅಂದರೆ ಅಡ್ಡಳತೆ. ಅದನ್ನು ಆದಿಲ್ ಶಾಹಿ ಮೇಸ್ತ್ರಿಗಳು ಒಮ್ಮೆಗೇ ತಿರುಗಿಸಿಟ್ಟು ಹೋದರು. ಫೀಡ್‌ಬ್ಯಾಕ್ ಅಂದರೆ ಗಚ್ಚಿನ ಗೋಡೆ ಎಷ್ಟು ಸದ್ದನ್ನು ನುಂಗದೆ ತಿರುಗಿಸಿ ಕೊಡುತ್ತದೆ ಎಂಬುದು. ಪ್ರತಿ ಸಲ ಹತ್ತರಲ್ಲಿ ಏಳು ಪಾಲು ಉಳಿಯುವಂತೆ ಪೆಡಲ್ಲನ್ನು ಇಟ್ಟರೆ ಏಳನೆಯ ಮಾರ್ದನಿಯಲ್ಲಿ ಮೂಲ ಸದ್ದಿನ ಶೇ 8ರಷ್ಟು ಉಳಿದಿರುತ್ತದೆ, ಇನ್ನೂ ಕೇಳಿಸುತ್ತದೆ. ಗುಮ್ಮಟದಲ್ಲಿ ಮಾರ್ದನಿ ಏಳು ಸಲ ಎನ್ನುವವರಿದ್ದಾರೆ, ಹತ್ತು ಸಲ ಎನ್ನುವವರೂ ಇದ್ದಾರೆ. ಶಾಲಾ ಪ್ರವಾಸದ ಮಕ್ಕಳು ಬಂದ ಹೊತ್ತಿನಲ್ಲಿ ಒಂದನ್ನೂ ಎಣಿಸಲಾಗದು. ಲೆಕ್ಕ ಹಾಕುವ ಹಟವಿದ್ದವರು ಬಾಗಿಲು ತೆರೆದ ಕೂಡಲೇ ಮೆಟ್ಟಿಲು ಹತ್ತಬೇಕು.

● ಗುಮ್ಮಟಕ್ಕೆ ಬಾರದ ಒಂದು ಆಟ ಪೆಡಲ್ಲಿಗೆ ಬರುತ್ತದೆ. ಫೀಡ್‌ಬ್ಯಾಕನ್ನು ಪೂರ್ತಿ ಏರಿಸಿದರೆ ಹಲವು ಪೆಡಲ್ಲುಗಳಲ್ಲಿ ಮಾರ್ದನಿ ಕುಗ್ಗುವ ಬದಲು ಬೆಳೆಯುತ್ತ ಹೋಗಿ ಊಳಿಡಲು ಶುರುಮಾಡುತ್ತದೆ. ಗೋಡೆ ತನಗೆ ಬಂದದ್ದಕ್ಕಿಂತ ಹೆಚ್ಚು ವಾಪಸು ಕೊಡಲಾರದು. ಬ್ಯಾಟರಿ ಇರುವ ಡಬ್ಬಿ ಕೊಡಬಲ್ಲದು.

● ಬೇಸಿಗೆಯಲ್ಲಿ ಗುಮ್ಮಟದ ಮಾರ್ದನಿ ತುಸು ಬೇಗ ಬರುತ್ತದೆ! ಗಾಳಿ ಬಿಸಿಯಾದಷ್ಟೂ ಶಬ್ದದ ವೇಗ ಹೆಚ್ಚು. 15 ಡಿಗ್ರಿಯ ಚಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, 40 ಡಿಗ್ರಿಯ ಬಿಸಿಲಲ್ಲಿ ಸುಮಾರು 355. ವ್ಯತ್ಯಾಸ 10 ಮಿಲಿಸೆಕೆಂಡಿನಷ್ಟೇ. ಕಿವಿಗೆ ಗೊತ್ತಾಗದು, ಗಡಿಯಾರಕ್ಕೆ ಗೊತ್ತಾಗುತ್ತದೆ.

● 20 ಕಿಲೋಮೀಟರ್ ದಾಟಲು ಶಬ್ದಕ್ಕೆ ಹತ್ತಿರಹತ್ತಿರ ಒಂದು ನಿಮಿಷ ಬೇಕು. ವಿಜಯಪುರದಲ್ಲಿ ಮೀಟಿದ ತಂತಿ ಹೆಚ್ಚುಕಡಿಮೆ ಅಷ್ಟೇ ದೂರದ ತಿಕೋಟಾದವರೆಗೆ ಕೇಳಿಸುವಂತಿದ್ದರೆ ಅಲ್ಲಿನವರು ಪಲ್ಲವಿ ಕೇಳುವ ಹೊತ್ತಿಗೆ ಇಲ್ಲಿ ಎರಡನೆಯ ಚರಣ ನಡೆದಿರುತ್ತಿತ್ತು.

● ಗ್ಯಾಲರಿಯಲ್ಲಿ ಪಿಸುಗುಟ್ಟಿದ ಮಾತು ಎದುರು ಬದಿಯವರಿಗೆ ಕೇಳಿಸುವುದು ಮಾರ್ದನಿಯಿಂದಲ್ಲ. ಅದು ಬೇರೆಯದೇ ಆಟ. ಸದ್ದು ನಡುವಿನ ಬಯಲನ್ನು ಹಾಯದೆ ಬಾಗಿದ ಗೋಡೆಯನ್ನೇ ತಬ್ಬಿಕೊಂಡು ಸಾಗುತ್ತದೆ. ಬಯಲಲ್ಲಿ ಚದುರದ ಕಾರಣ ಸವೆಯುವುದೂ ಕಡಿಮೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಇಂಥದೇ ಗ್ಯಾಲರಿಯನ್ನು ನೋಡಿ ಈ ವಿವರಣೆ ಕೊಟ್ಟವರು ಲಾರ್ಡ್ ರೇಲೀ. 1921ರಲ್ಲಿ ಅದೇ ಗ್ಯಾಲರಿಯಲ್ಲಿ ಪ್ರಯೋಗ ಮಾಡಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಇಬ್ಬರಲ್ಲಿ ಒಬ್ಬರು ನಮ್ಮ ಸಿ.ವಿ. ರಾಮನ್. ಅವರ ಹೆಸರು ಮುಂದೆ ತಂಬೂರಿಯ ಜೊತೆಗೂ ಬರಲಿದೆ, ಸ್ವಲ್ಪ ತಾಳಿ.

● ಗುಮ್ಮಟ ಇಲ್ಲದ ಊರಿನವರು ನೀರಿನ ಟ್ಯಾಂಕ್ ತಂದರು. ಅಮೆರಿಕದ ಅರಿಜೋನಾದಲ್ಲಿ ಗಿಟಾರ್ ವಾದಕ ಡ್ವೇನ್ ಎಡಿ 1958ರ ಸುಮಾರಿಗೆ ಧ್ವನಿಮುದ್ರಿಸುತ್ತಿದ್ದ ಸ್ಟುಡಿಯೋದಲ್ಲಿ ಮಾರ್ದನಿಯ ಕೋಣೆ ಇರಲಿಲ್ಲ. ನಿರ್ಮಾಪಕ ಲೀ ಹೇಜಲ್‌ವುಡ್ 2,000 ಗ್ಯಾಲನ್‌ನ, ಅಂದರೆ ಸುಮಾರು 7,500 ಲೀಟರ್ ಹಿಡಿಸುವ ಖಾಲಿ ಟ್ಯಾಂಕನ್ನು ಹುಡುಕಿ ತಂದರು. ಒಂದು ತುದಿಗೆ ಸ್ಪೀಕರ್, ಇನ್ನೊಂದು ತುದಿಗೆ ಮೈಕು. ಆ ಟೊಳ್ಳು ಸದ್ದಿನ ಗಿಟಾರೇ ಎಡಿಯ ಗುರುತಾಯಿತು. ತೊರವಿಯ ಸುರಂಗ ಬಾವಡಿಯಿಂದ ಊರಿಗೆ ನೀರು ತಂದು, ದಾರಿಯುದ್ದಕ್ಕೂ ನೀರಿನ ಒತ್ತಡ ಹಿಡಿಯಲು ‘ಗಂಜ್’ ಗೋಪುರ ಕಟ್ಟಿದ ವಿಜಯಪುರದಲ್ಲಿ ಇಂಥ ಟೊಳ್ಳಿಗೆ ಬರವೇ ಇಲ್ಲ. ನೀರಿಗಷ್ಟೇ ಬರ.

● ಇಷ್ಟು ದೊಡ್ಡ ಕೋಣೆ ಅಂಗೈಯಗಲದ ಡಬ್ಬಿಗೆ ಇಳಿದದ್ದು ಹೇಗೆ? ಮೊದಲು ಟೇಪಿನಿಂದ. ಒಂದು ಹೆಡ್ಡಿನಲ್ಲಿ ಮುದ್ರಿಸಿ, ತುಸು ಮುಂದಿನ ಇನ್ನೊಂದು ಹೆಡ್ಡಿನಲ್ಲಿ ಓದಿದರೆ ನಡುವಿನ ದೂರವೇ ಮಾರ್ದನಿ. 1974ರಲ್ಲಿ ಬಂದ ರೋಲ್ಯಾಂಡ್ ಆರ್‌ಇ-201 ಸ್ಪೇಸ್ ಎಕೋ ಹೀಗೆ ನಡೆಯುತ್ತಿತ್ತು. ಅದಕ್ಕೂ ಮುಂಚೆ, 1969ರಲ್ಲಿ, ಫಿಲಿಪ್ಸ್ ಪ್ರಯೋಗಾಲಯದ ಸ್ಯಾಂಗ್‌ಸ್ಟರ್ ಮತ್ತು ಟೀರ್ ಎಂಬ ಇಬ್ಬರು ಟೇಪೇ ಬೇಡದ ಉಪಾಯವೊಂದನ್ನು ಪ್ರಕಟಿಸಿದ್ದರು. ಬಣವೆಗೆ ಬೆಂಕಿ ಬಿದ್ದಾಗ ಬಾವಿಯಿಂದ ಸಾಲಾಗಿ ನಿಂತು ಕೊಡ ದಾಟಿಸುತ್ತಾರಲ್ಲ, ಹಾಗೆ ವಿದ್ಯುತ್ತಿನ ಸಣ್ಣ ಸಣ್ಣ ಪಾಲನ್ನು ಒಂದು ಕಂಡೆನ್ಸರಿನಿಂದ ಇನ್ನೊಂದಕ್ಕೆ ದಾಟಿಸುವ ಚಿಪ್. ಹೆಸರೇ ಬಕೆಟ್ ಬ್ರಿಗೇಡ್. ಬಾಸ್ ಡಿಎಂ-2 ಪೆಡಲ್ಲಿನ ಚಿಪ್ಪಿನಲ್ಲಿ ಇಂಥ 4,096 ಕೊಡಗಳ ಸಾಲಿತ್ತು. ಹೆಚ್ಚು ತಡ ಬೇಕೆಂದರೆ ನಿಧಾನ ದಾಟಿಸಬೇಕು. ನಿಧಾನವಾದಷ್ಟೂ ಸ್ವರದ ಚೂಪು ಸೋರಿ ಮಾರ್ದನಿ ಮಂಕಾಗುತ್ತದೆ. ಗುಮ್ಮಟದಲ್ಲೂ ಗಾಳಿ, ಗಾರೆ ಎರಡೂ ಮೊದಲು ತಿನ್ನುವುದು ಚೂಪು ಸ್ವರಾಂಶಗಳನ್ನೇ. ಆಮೇಲೆ ಬಂದ ಡಿಜಿಟಲ್ ಪೆಡಲ್ಲುಗಳ ಮಾರ್ದನಿ ಕನ್ನಡಿಯಷ್ಟು ಸ್ವಚ್ಛ. ನನ್ನ ಕಿವಿಗೆ ಹಳೆಯ ಮಂಕೇ ಹಿತ.

● 1976ರ ಬಾಸ್ ಸಿಇ-1 ಕೋರಸ್ ಪೆಡಲ್ ಕೆಲವೇ ಮಿಲಿಸೆಕೆಂಡ್ ತಡದ, ಶ್ರುತಿ ಕೂದಲೆಳೆಯಷ್ಟು ತೂಗಾಡುವ ನಕಲನ್ನು ಮೂಲದ ಜೊತೆ ಸೇರಿಸುತ್ತದೆ. ಒಂದು ಗಿಟಾರ್ ಎರಡಾಗುತ್ತದೆ. ಭಜನಿ ಮೇಳದಲ್ಲಿ ಹತ್ತು ಜನ ಒಂದೇ ಪದ ಹಾಡುವಾಗ ದನಿ ತುಂಬಿ ಬರುವುದೂ ಇದೇ ಕಾರಣಕ್ಕೆ. ಯಾರೂ ಒಂದೇ ಕ್ಷಣಕ್ಕೆ, ಒಂದೇ ಶ್ರುತಿಗೆ ಸರಿಯಾಗಿ ಹತ್ತುವುದಿಲ್ಲ.

● ಪೆಡಲ್ಲಿನ ಒರಟು ಗುರ್ರ್ ಸದ್ದು ಹುಟ್ಟಿದ್ದು ಕೆಟ್ಟುಹೋದ ಯಂತ್ರದಿಂದ. ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಹಾಡೊಂದರ ಮುದ್ರಣ ನಡೆದಾಗ ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬೇಸ್ ಗಿಟಾರಿನ ದಾರಿಯಲ್ಲಿದ್ದ ಉಪಕರಣ ಹದಗೆಟ್ಟಿತು, ಸ್ವರ ಒಡೆಯಿತು. ಒಡೆದದ್ದನ್ನು ಹಾಗೇ ಉಳಿಸಿದರು. 1961ರಲ್ಲಿ ಹಾಡು ಗೆದ್ದಿತು. ಇಂಜಿನಿಯರ್ ಗ್ಲೆನ್ ಸ್ನಾಡಿ ಆ ಸದ್ದನ್ನು ಬೇಕೆಂದಾಗ ಮಾಡುವ ಸರ್ಕ್ಯೂಟ್ ರಚಿಸಿದರು. 1962ರಲ್ಲಿ ಅದು ಮೇಸ್ಟ್ರೋ ಫಝ್-ಟೋನ್ ಎಂಬ ಪೆಡಲ್ಲಾಗಿ ಅಂಗಡಿಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ಬಳಗದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಅದನ್ನು ಒತ್ತಿದ ಮೇಲೆ ಜಗತ್ತಿಗೆಲ್ಲ ಬೇಕಾಯಿತು. ಇವರಿಗೆಲ್ಲ ಮುಂಚೆ ಲಿಂಕ್ ರೇ ಎಂಬಾತ ಪೆನ್ಸಿಲ್ಲಿನಿಂದ ಸ್ಪೀಕರ್ ಕಾಗದಕ್ಕೆ ತೂತು ಹೊಡೆದೇ ಕೆಲಸ ಮುಗಿಸಿದ್ದ!

● ಒರಟು ಅಂದರೆ ಇಷ್ಟೇ: ಅಲೆಯ ತಲೆ ಕತ್ತರಿಸುವುದು. ಪೆಡಲ್ಲಿನೊಳಗಿನ ಸಿಲಿಕಾನ್ ಡಯೋಡು ಸುಮಾರು 0.6 ವೋಲ್ಟಿಗೆ, ಜರ್ಮೇನಿಯಂ ಡಯೋಡು ಸುಮಾರು 0.3 ವೋಲ್ಟಿಗೆ ಅಲೆಯನ್ನು ತಡೆಯುತ್ತದೆ. ತಲೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಎರಡರಷ್ಟು, ಮೂರರಷ್ಟು, ಐದರಷ್ಟು ಕಂಪನದ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಹುಟ್ಟುವುದು ಎಷ್ಟು, ಯಾವುವು ಎಂಬುದರ ಮೇಲೆ ಒಂದು ಪೆಡಲ್ಲು ಇನ್ನೊಂದಕ್ಕಿಂತ ಬೇರೆಯಾಗುತ್ತದೆ.

● ಡಯೋಡೇ ಇಲ್ಲದೆ ಈ ಕೆಲಸ ಮಾಡುವ ವಾದ್ಯ ನಮ್ಮಲ್ಲಿದೆ. ತಂಬೂರಿ. ಅದರ ತಂತಿಗಳನ್ನು ಹೊರುವ ಅಗಲ ಕುದುರೆಯ ಮೇಲೆ ತಂತಿಯಡಿಗೆ ಒಂದೆಳೆ ದಾರ ಸೇರಿಸುತ್ತಾರೆ. ಜೀವಾಳ ಎಂಬ ಈ ದಾರ ಸರಿಯಾದ ಜಾಗಕ್ಕೆ ಬಂತೆಂದರೆ ತಂತಿ ಪ್ರತಿ ಕಂಪನಕ್ಕೂ ಕುದುರೆಯನ್ನು ಸವರಿ ಝೇಂಕರಿಸುತ್ತದೆ; ಇದೇ ಜವಾರಿ. ರಾಮನ್ 1921ರಲ್ಲಿ ವೀಣೆ, ತಂಬೂರಿಗಳ ಬಗ್ಗೆ ಬರೆದ ಲೇಖನದಲ್ಲಿ ಗುರುತಿಸಿದ ವಿಚಿತ್ರ ಇದು: ಮೀಟಿದ ಜಾಗದ ಕಾರಣಕ್ಕೆ ತಂತಿಯಲ್ಲಿ ಇರಲೇಬಾರದು ಎಂದು ಹಳೆಯ ನಿಯಮ ಹೇಳುವ ಸ್ವರಾಂಶಗಳೂ ತಂಬೂರಿಯಲ್ಲಿ ಗಟ್ಟಿಯಾಗಿ ಕೇಳುತ್ತವೆ. ಕುದುರೆಯ ಬಾಗು ಅವನ್ನು ಹುಟ್ಟಿಸುತ್ತದೆ. ವಿಜಯಪುರದಿಂದ ತಿಕೋಟಾ, ಅಥಣಿ ಹಾದು ಪಶ್ಚಿಮಕ್ಕೆ ಹೋದರೆ ಸಿಗುವ ಮಿರಜ ಇಂಥ ತಂಬೂರಿಗಳ ಊರು. ಆಯುಧ ಮಸೆಯುತ್ತಿದ್ದ ಶಿಕಲಗಾರ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯ ಮಾಡಲು ಕುಳಿತವು. ಮಿರಜ ತಂಬೂರಿ ಮತ್ತು ಸಿತಾರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಜೀವಾಳದ ದಾರವನ್ನು ಕೂದಲಷ್ಟು ಸರಿಸುತ್ತ ಕಿವಿಗೊಟ್ಟು ಕೂತ ಕಸುಬುದಾರನ ಮುಂದೆ ಫಝ್ ಪೆಡಲ್ಲಿನ ತಿರುಗುಣಿ ತೀರಾ ಒಡ್ಡು ಅನಿಸುತ್ತದೆ ನನಗೆ.

● ಆದರೆ ತಂಬೂರಿಗೂ ಫಝ್‌ಗೂ ಒಂದು ದೊಡ್ಡ ಫರಕು. ತಂಬೂರಿಯ ಒಂದೊಂದು ತಂತಿ ತನ್ನಷ್ಟಕ್ಕೆ ಝೇಂಕರಿಸುತ್ತದೆ. ಪೆಡಲ್ಲಿಗೆ ಆರೂ ತಂತಿಯ ಸದ್ದು ಒಂದೇ ವೈರಿನಲ್ಲಿ ಬೆರೆತು ಬರುತ್ತದೆ, ಆಗ ಸ್ವರಗಳ ಮೊತ್ತ, ವ್ಯತ್ಯಾಸಗಳೂ ಹುಟ್ಟುತ್ತವೆ. ರಾಕ್ ಗಿಟಾರಿನವರು ಜೋರು ಡಿಸ್ಟಾರ್ಷನ್, ಅಂದರೆ ಇದೇ ಒರಟು, ಹಾಕಿದಾಗ ಹೆಚ್ಚಾಗಿ ಎರಡೇ ಸ್ವರ ಹಿಡಿಯುವುದು ಇದಕ್ಕೇ. ಅವು ಷಡ್ಜ ಮತ್ತು ಪಂಚಮ. ಇವುಗಳ ಕಂಪನ 2ಕ್ಕೆ 3ರ ಲೆಕ್ಕ, ವ್ಯತ್ಯಾಸ 1. ಅಂದರೆ ಯಾರೂ ಮೀಟದ ಮಂದ್ರ ಷಡ್ಜ ಕೆಳಗಿನಿಂದ ತಾನೇ ಮೊಳಗುತ್ತದೆ. ಗಾಂಧಾರ ಸೇರಿಸಿ ನೋಡಿ, ಕಲಸುಮೇಲೋಗರ. ಗಿಟಾರಿನ ಗಾಂಧಾರ ಶುದ್ಧ ಗಾಂಧಾರಕ್ಕಿಂತ ಅರ್ಧ ಸ್ವರದ ಏಳನೇ ಒಂದು ಭಾಗದಷ್ಟು ಏರಿರುವುದೂ ಇದಕ್ಕೆ ಕಾರಣ. ಸಾದಾ ಸದ್ದಿನಲ್ಲಿ ಅಡಗಿದ್ದ ಆ ದೋಷವನ್ನು ಫಝ್ ಚಾವಡಿಗೆ ಎಳೆದು ತರುತ್ತದೆ.

● ವಾದ್ಯಕ್ಕೆ ಮನುಷ್ಯರ ಹೆಸರಿಟ್ಟು ಮುದ್ದಿಸುವುದು ಇಂದಿನ ಗಿಟಾರ್ ವಾದಕರ ಖಯಾಲಿ ಅಲ್ಲ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ತಂಬೂರಿಗೆ ಮೋತಿ ಖಾನ್ ಎಂದು ಹೆಸರು. ಅವನು ದಖನಿಯಲ್ಲಿ ಬರೆದ ‘ಕಿತಾಬ್-ಎ-ನೌರಸ್’ ಹಾಡುಗಳು ರಾಗಗಳ ಪ್ರಕಾರ ಜೋಡಿಸಿದವು. ಸಂಗೀತಕ್ಕೆಂದೇ ಅವನು ಕಟ್ಟಿಸಹೊರಟ ನೌರಸಪುರ ಇದ್ದದ್ದು ತೊರವಿ ಬಳಿ; ಸಂಗೀತ ಮಹಲಿನ ಅವಶೇಷ ಈಗಲೂ ಅಲ್ಲಿದೆ. ತೊರವೆ ರಾಮಾಯಣದ ತೊರವೆಯೂ ಅದೇ.

● ವಾ-ವಾ ಪೆಡಲ್ ಮೂಲದಲ್ಲಿ ಗಿಟಾರಿನದ್ದೇ ಅಲ್ಲ. 1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಕಂಪನಿಯ ಬ್ರ್ಯಾಡ್ ಪ್ಲಂಕೆಟ್ ಆಂಪ್ಲಿಫೈಯರಿನ ಸ್ವಿಚ್ಚೊಂದನ್ನು ಅಗ್ಗ ಮಾಡಲು ಹೊರಟಾಗ ಈ ಸದ್ದು ಸಿಕ್ಕಿತು. ಸರ್ಕ್ಯೂಟನ್ನು ಆರ್ಗನ್‌ನ ವಾಲ್ಯೂಮ್ ಪೆಡಲ್ಲಿನ ಗೂಡಿಗೆ ಹಾಕಿದರು. ಕ್ಲೈಡ್ ಮೆಕಾಯ್ ಎಂಬ ತುತ್ತೂರಿ ವಾದಕನ ಹೆಸರಿಟ್ಟು ಮಾರಿದರು, ತುತ್ತೂರಿಯ ಬಾಯಿ ಮುಚ್ಚಿ ತೆರೆದಂಥ ಸದ್ದಲ್ಲವೇ ಅದು ಎಂದು. ಕಾಲು ಒತ್ತುತ್ತ ಕೈ ನುಡಿಸುವ ಅಭ್ಯಾಸ ಉತ್ತರ ಕರ್ನಾಟಕದ ನಾಟಕ ಕಂಪನಿಗಳಿಗೆ ಹೊಸದಲ್ಲ. ಕಾಲು ಹಾರ್ಮೋನಿಯಂ ಮಾಸ್ತರರು ತುಳಿತದ ಜೋರಿನಲ್ಲೇ ರಂಗಗೀತೆಯ ಏರಿಳಿತ ಹಿಡಿಯುತ್ತಿದ್ದರು.

● ತಂತಿಯ ಶ್ರುತಿಯನ್ನೇ ಕಾಲಿನಿಂದ ಜಗ್ಗುವ ಪೆಡಲ್ಲೂ ಇದೆ. ಡಿಜಿಟೆಕ್ ಕಂಪನಿಯ ವ್ಯಾಮಿ, 1980ರ ದಶಕದ ಕೊನೆಯದು. ಯಲ್ಲಮ್ಮನ ಪದ ಹಾಡುವ ಜೋಗತಿಯರ ಚೌಡಿಕೆಯಲ್ಲಿ ಇರುವುದು ಒಂದೇ ತಂತಿ. ಅದರ ಬಿಗಿ ಹೆಚ್ಚುಕಡಿಮೆ ಮಾಡುತ್ತ ಮೀಟಿದರೆ ಸ್ವರ ಮಾತಾಡಿದಂತೆ ಏರಿಳಿಯುತ್ತದೆ. ವಿದ್ಯುತ್ತೂ ಇಲ್ಲ, ತಿರುಗುಣಿಯೂ ಇಲ್ಲ.

● ಪೆಡಲ್ಲುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು? ರೂಢಿ ಹೀಗಿದೆ: ಗಿಟಾರ್, ಟ್ಯೂನರ್, ವಾ-ವಾ, ಡಿಸ್ಟಾರ್ಷನ್, ಕೋರಸ್, ಡಿಲೇ, ರಿವರ್ಬ್ (ಕೋಣೆಯ ಗುಂಗು ಕೊಡುವುದು), ಆಂಪ್. ಡಿಲೇಯನ್ನು ಡಿಸ್ಟಾರ್ಷನ್ನಿಗಿಂತ ಮುಂಚೆ ಇಟ್ಟರೆ ಮಾರ್ದನಿಗಳೆಲ್ಲ ಒಂದರೊಳಗೊಂದು ಅರೆದು ಹೋಗುತ್ತವೆ. ಅನುಮಾನ ಬಂದರೆ ಗೋಳಗುಮ್ಮಟ ನೆನಪಿಸಿಕೊಳ್ಳಿ: ಒರಟು ಹುಟ್ಟುವುದು ಕೂಗುವವನ ಗಂಟಲಲ್ಲಿ, ಮಾರ್ದನಿ ಹುಟ್ಟುವುದು ಆಮೇಲೆ ಕಟ್ಟಡದಲ್ಲಿ. ನಿಯಮ ಮುರಿಯಬಾರದೆಂದೇನಿಲ್ಲ. ಮುರಿದರೆ ಏನು ಕೇಳುತ್ತದೆ ಎಂದು ಗೊತ್ತಿದ್ದರೆ ಸಾಕು.

● ನಮ್ಮ ದೇಶದ ಕರೆಂಟಿನ ಗುಂಯ್ ಸದ್ದು ಶ್ರುತಿಯಲ್ಲಿದೆ, ಹೆಚ್ಚುಕಡಿಮೆ! ಇಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಸಲ ಮಿಡಿಯುತ್ತದೆ. ಅದರ ಇಮ್ಮಡಿ 100. ಗಿಟಾರಿನ ಅತಿ ದಪ್ಪ ತಂತಿಯನ್ನು ಮೂರನೆಯ ಮೆಟ್ಟಿಲಲ್ಲಿ ಒತ್ತಿದರೆ ಬರುವ ಜಿ ಸ್ವರ 98. ಅಮೆರಿಕದಲ್ಲಿ ವಿದ್ಯುತ್ತು 60, ಇಮ್ಮಡಿ 120. ಅದು ಎರಡು ಸ್ವರಗಳ ನಡುವೆ ಸಿಕ್ಕಿಕೊಂಡು ಎತ್ತಲೂ ಸೇರದು. ಆದರೆ ಜನರೇಟರಿನ ಮೇಲೆ ನಡೆಯುವ ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಈ ನಂಬಿಕೆ ಇಟ್ಟುಕೊಳ್ಳಬೇಡಿ. ಇಂಜಿನ್ನಿನ ವೇಗ ಇಳಿದಂತೆ ಗುಂಯ್ ಸದ್ದೂ ಶ್ರುತಿ ಇಳಿಯುತ್ತದೆ. ಡಿಸ್ಟಾರ್ಷನ್ ಪೆಡಲ್ ಇದನ್ನು ಹಲವು ಪಟ್ಟು ಹಿಗ್ಗಿಸುತ್ತದೆ. ಪಿಕಪ್ ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿ. ಎರಡು ಸುರುಳಿಯ ಹಂಬಕರ್ ಪಿಕಪ್, 1955ರ ಸುಮಾರಿಗೆ ಗಿಬ್ಸನ್ ಕಂಪನಿಯ ಸೆತ್ ಲವರ್ ರೂಪಿಸಿದ್ದು, ಈ ಗುಂಯ್ ಅನ್ನು ಬಹುಮಟ್ಟಿಗೆ ತಾನೇ ರದ್ದು ಮಾಡಿಕೊಳ್ಳುತ್ತದೆ.

● ಜರ್ಮೇನಿಯಂ ಟ್ರಾನ್ಸಿಸ್ಟರಿನ ಹಳೆಯ ಮಾದರಿಯ ಫಝ್ ಪೆಡಲ್ ಏಪ್ರಿಲ್ ಬಿಸಿಲಿಗೆ ಬೇರೆಯೇ ನುಡಿಯುತ್ತದೆ. ತಾಪ ಪ್ರತಿ 10 ಡಿಗ್ರಿ ಏರಿದಂತೆ ಅದರೊಳಗಿನ ಸೋರಿಕೆ ಕರೆಂಟು ಸುಮಾರು ಎರಡು ಪಟ್ಟಾಗುತ್ತದೆ. ಡಿಸೆಂಬರಿನ ಸಂಜೆ 20 ಡಿಗ್ರಿಯಲ್ಲಿ ಹದ ಮಾಡಿಟ್ಟ ಪೆಡಲ್ಲಿಗೆ ಬೇಸಿಗೆಯ 40 ಡಿಗ್ರಿಯಲ್ಲಿ ನಾಲ್ಕು ಪಟ್ಟು ಸೋರಿಕೆ. ಸ್ವರ ಕೆಮ್ಮಿ ಕೆಮ್ಮಿ ಬರಬಹುದು. ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡಿನ ಬಿಸಿ ದ್ರಾಕ್ಷಿಗೆ ಒಳ್ಳೆಯದು, ಫಝ್‌ಗೆ ಅಲ್ಲ. ಸಿಲಿಕಾನ್ ಪೆಡಲ್ಲಿಗೆ ಈ ಕಾಟ ಇಲ್ಲ.

● ಇದೊಂದನ್ನು ತಮಾಷೆಯಾಗಿ ಓದಬೇಡಿ. ಗಿಟಾರಿನ ಆಂಪ್ ಒಂದು ಕಡೆಯಿಂದ, ಮೈಕಿನ ಸಾಮಾನು ಇನ್ನೊಂದು ಕಡೆಯಿಂದ ಕರೆಂಟು ಎಳೆದುಕೊಂಡಿದ್ದು, ಒಂದಕ್ಕೆ ಅರ್ಥಿಂಗ್ ಇಲ್ಲದಿದ್ದರೆ, ತಂತಿ ಹಿಡಿದ ಕೈಗೂ ಮೈಕಿಗೆ ತಾಗಿದ ತುಟಿಗೂ ನಡುವೆ ಶಾಕ್ ಹೊಡೆಯಬಹುದು. ಗಿಟಾರಿನ ತಂತಿಗಳು ವೈರಿನ ಮೂಲಕ ಆಂಪಿನ ಚಾಸಿಗೆ ಕೂಡಿರುತ್ತವೆ. ಪ್ಲಗ್ಗಿನ ಮೂರನೆಯ ಕಾಲು ಮುರಿದು ಎರಡು ತೂತಿನ ಬೋರ್ಡಿಗೆ ತುರುಕುವುದು ನಮ್ಮ ಹಂದರಗಳಲ್ಲಿ ಮಾಮೂಲು ಕಾಯಿಲೆ. ಎಲ್ಲವನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡಿನಿಂದ ಕೊಡಿಸಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಇಎಲ್‌ಸಿಬಿ ಹಾಕಿಸಿ, ಹಾಡುವ ಮೊದಲು ಮೈಕಿಗೂ ಗಿಟಾರಿನ ತಂತಿಗೂ ಟೆಸ್ಟರ್ ಹಿಡಿದು ನೋಡಿ.

● ಬಹುಪಾಲು ಪೆಡಲ್ಲುಗಳಿಗೆ ಬೇಕಾದ್ದು 9 ವೋಲ್ಟ್, ಪ್ಲಗ್ಗಿನ ನಡುಭಾಗ ಮೈನಸ್. ಕೀಬೋರ್ಡಿನ ಅಡಾಪ್ಟರಿನಲ್ಲಿ ಅನೇಕ ಸಲ ನಡುಭಾಗ ಪ್ಲಸ್ ಇರುತ್ತದೆ. ಚುಚ್ಚುವ ಮೊದಲು ಡಬ್ಬಿಯ ಮೇಲಿನ ಚಿತ್ರ ನೋಡಿ.

● ಪೆಡಲ್ ಆಫ್ ಮಾಡಿದರೂ ಬ್ಯಾಟರಿ ಖಾಲಿಯಾಗುತ್ತದೆ, ಏಕೆ? ಕಾಲಿನ ಸ್ವಿಚ್ಚು ಸದ್ದಿನ ದಾರಿ ಬದಲಿಸುವುದಕ್ಕೆ. ಬ್ಯಾಟರಿಯ ನಿಜವಾದ ಸ್ವಿಚ್ಚು ಇನ್‌ಪುಟ್ ಜ್ಯಾಕಿನೊಳಗಿದೆ. ಗಿಟಾರಿನ ವೈರು ಅಲ್ಲಿ ಸಿಕ್ಕಿಸಿರುವಷ್ಟು ಕಾಲ ಬ್ಯಾಟರಿ ಉರಿಯುತ್ತಲೇ ಇರುತ್ತದೆ. ರಾತ್ರಿ ಮಲಗುವ ಮುನ್ನ ಇನ್‌ಪುಟ್ ವೈರು ಕಿತ್ತಿಡಿ.

● ಮೂರು ಮೀಟರ್ ವೈರಿನಲ್ಲಿ ಫಳಫಳಿಸುವ ಗಿಟಾರ್ ಹದಿನೈದು ಮೀಟರ್ ವೈರಿನಲ್ಲಿ ಮಂಕಾಗುತ್ತದೆ. ವೈರು ಉದ್ದವಾದಷ್ಟೂ ಅದರ ಕೆಪಾಸಿಟನ್ಸ್ ಚೂಪು ಸ್ವರಾಂಶಗಳನ್ನು ನೆಲಕ್ಕಿಳಿಸುತ್ತದೆ. ದೊಡ್ಡ ಸ್ಟೇಜಾದರೆ ಸಾಲಿನ ಮೊದಲಲ್ಲೇ ಬಫರ್, ಅಂದರೆ ವೈರಿನ ಭಾರ ಹೊರುವ ಸರ್ಕ್ಯೂಟ್, ಇರುವ ಪೆಡಲ್ಲೊಂದು ಇರಲಿ.

● ಶಿಶುನಾಳ ಶರೀಫರ ಪದಗಳು ಎಲೆಕ್ಟ್ರಿಕ್ ಗಿಟಾರಿನ ಜೊತೆ ಹೊಸ ಪೀಳಿಗೆಯ ಕಿವಿಗೆ ಬಿದ್ದದ್ದು ರಘು ದೀಕ್ಷಿತ್ ಪ್ರಾಜೆಕ್ಟ್‌ನ 2008ರ ಮೊದಲ ಆಲ್ಬಮ್ಮಿನಿಂದ. ಇನ್ನೂ ಹಿಂದಕ್ಕೆ ಹೋದರೆ, ಕನ್ನಡ ಸಿನಿಮಾ ಸಂಗೀತದ ಜಿ.ಕೆ. ವೆಂಕಟೇಶ್ ಅವರ ಬಳಗದಲ್ಲಿ ಗಿಟಾರ್ ಹಿಡಿದು ಕೂರುತ್ತಿದ್ದ ತರುಣನ ಹೆಸರು ಇಳಯರಾಜ.

● ಕೊನೆಯದು, ಮತ್ತು ನನಗೆ ಹೆಚ್ಚು ಆಸೆ ಇರುವುದು. ಗಡಿಭಾಗದ ಮೆರವಣಿಗೆಗಳಲ್ಲಿ ನುಡಿಸುವ ಬೆಂಜೋ ಇದೆಯಲ್ಲ, ಟೈಪ್‌ರೈಟರಿನಂಥ ಗುಂಡಿಗಳಿರುವುದು, ಅದರ ಪೂರ್ವಜ ಜಪಾನಿನ ತೈಶೋಗೊತೊ. 1912ರಲ್ಲಿ ನಗೋಯಾದ ಮೊರಿತಾ ಗೊರೊ ರೂಪಿಸಿದ್ದು. ಇಲ್ಲಿನ ಬೆಂಜೋಗಳಿಗೆ ಗಿಟಾರಿನಂತೆಯೇ ಪಿಕಪ್ ಕೂರಿಸಿ ಆಂಪಿಗೆ ಕೊಡುತ್ತಾರೆ. ಅಂದರೆ ಇಷ್ಟು ಹೊತ್ತು ಹೇಳಿದ ಯಾವ ಪೆಡಲ್ಲನ್ನಾದರೂ ನಡುವೆ ಸಿಕ್ಕಿಸಬಹುದು. ಕೋರಸ್ ಹಾಕಿದರೆ ಬೆಂಜೋದ ಚೀರು ತುಂಬಿಕೊಳ್ಳುತ್ತದೆ. 220 ಮಿಲಿಸೆಕೆಂಡ್ ಡಿಲೇ ಹಾಕಿದರೆ ಲೆಕ್ಕ ನಿಮಗೆ ಗೊತ್ತೇ ಇದೆ. ಬಬಲೇಶ್ವರ ಕಡೆಯ ಬೆಂಜೋ ಹುಡುಗರು ಯಾರಾದರೂ ಒಂದು ಸಲ ಗಿಟಾರ್ ಗೆಳೆಯನ ಪೆಡಲ್ ಕಡ ತಂದು ಹಾಕಿ ನೋಡಲಿ. ವಾಲ್ಯೂಮ್ ಮಾತ್ರ ಮೊದಲು ಇಳಿಸಿಟ್ಟುಕೊಳ್ಳಿ, ಬೆಂಜೋದ ಪಿಕಪ್ ಜೋರಿದ್ದರೆ ಪೆಡಲ್ಲು ಕೇಳದೇ ಫಝ್ ಕೊಟ್ಟೀತು.